ಹೋಲ್ಡ್ ಅಂತ ಬರೆದೆ, ಮತ್ತೆ ಯಾವಾಗ ಶುರು ಅಂತ ಬರೆಯಲಿಲ್ಲ

ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಒಪಿಡಿ ಫಾರ್ಮಸಿ ಕೌಂಟರಿನ ಹುಡುಗ ಫೋನ್ ಹಿಡಿದುಕೊಂಡೇ ನನ್ನ ಟೇಬಲ್ ಹತ್ತಿರ ಬಂದ. "ಮೇಡಂ, ಪೇಷಂಟ್ ಕಡೆಯವರು. ಎರಡು ಔಷಧಿ ಒಟ್ಟಿಗೆ ತಗೋಬಹುದಾ ಅಂತ ಕೇಳ್ತಿದ್ದಾರೆ. ನೀವೇ ಮಾತಾಡಿ."

ನಾನು ಈ ಆಸ್ಪತ್ರೆಯ ಫಾರ್ಮಸಿಸ್ಟ್, ಇಂಥ ಕರೆಗಳು ದಿನವೂ ಬರುತ್ತವೆ. ಯುಎಚ್‌ಐಡಿ, ಅಂದರೆ ಆಸ್ಪತ್ರೆಯಲ್ಲಿ ರೋಗಿಗೆ ಕೊಡುವ ನಂಬರ್, ಹೇಳಿ ಅಂದೆ. ನಂಬರ್ ಹೊಡೆದು ಸ್ಕ್ರೀನ್ ತೆರೆದುಕೊಳ್ಳುವ ಮೊದಲೇ ದನಿ ಯಾರದ್ದು ಅಂತ ಗೊತ್ತಾಯಿತು. ಹಿಂದಿನ ತಿಂಗಳು ನ್ಯೂರೋ ವಾರ್ಡಿನಲ್ಲಿ ಐದು ದಿನ ಇದ್ದ ಎಂಎಸ್ ಪೇಷಂಟಿನ ಗಂಡ. ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ದೇಹದ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿಯ ನರಗಳ ಮೇಲೆ ದಾಳಿ ಮಾಡುವ ಕಾಯಿಲೆ.

"ಮೇಡಂ, ಸ್ಟೀರಾಯ್ಡ್ ಮಾತ್ರೆ ನಿನ್ನೆಗೆ ಮುಗೀತು. ಅದಕ್ಕೇ ನೀವು ನಿಲ್ಲಿಸಿದ್ರಲ್ಲ, ಆ ಕ್ಯಾಪ್ಸೂಲ್, ಇವತ್ತು ಎಂಟೂವರೆಗೆ ತಗೊಂಡ್ಳು. ಈಗ ತಲೆ ಸುತ್ತುತ್ತೆ ಅಂತಿದ್ದಾಳೆ. ಎದೆ ಡವಡವ ಅಂತಿತ್ತು ಅಂತ ಇಲ್ಲೇ ಹತ್ತಿರದ ಡಾಕ್ಟ್ರು ಒಂದು ಮಾತ್ರೆ ಕೊಟ್ಟಿದ್ರು, ಅದೂ ನಡೀತಿದೆ. ಎರಡೂ ಒಟ್ಟಿಗೆ ಆಗಲ್ವಾ?"

"ಆ ಸ್ಟ್ರಿಪ್ ಮೇಲೆ ಏನು ಬರೆದಿದೆ ಓದಿ."

"ಪ್ರೊ... ಪ್ರೊಪ್ರಾನೊಲಾಲ್. ನಲವತ್ತು."

ನನ್ನ ಕೈ ತಣ್ಣಗಾಯಿತು. ನೀವು ನಿಲ್ಲಿಸಿದ್ರಲ್ಲ ಅಂದಿದ್ದರು. ನಿಲ್ಲಿಸಿದ್ದು ನಾನೇ.

ಆ ಅಡ್ಮಿಷನ್ ದಿನ ನನಗೆ ಚೆನ್ನಾಗಿ ನೆನಪಿದೆ. ಆಕೆಗೆ ಮೂವತ್ತನಾಲ್ಕು ವರ್ಷ, ಎರಡು ವರ್ಷದಿಂದ ಎಂಎಸ್ ಹತೋಟಿಯಲ್ಲಿಡುವ ಕ್ಯಾಪ್ಸೂಲ್, ಫಿಂಗೋಲಿಮಾಡ್ 0.5 ಮಿಲಿಗ್ರಾಂ ನಡೆಯುತ್ತಿತ್ತು. ಎಡಗಾಲು ಎಳೆಯಲು ಶುರುವಾಗಿ ನಾಲ್ಕು ದಿನವಾಗಿತ್ತು. ಯೂರಿನ್ ಇನ್ಫೆಕ್ಷನ್ ಇಲ್ಲ, ಜ್ವರ ಇಲ್ಲ, ಆದ್ದರಿಂದ ನಿಜವಾದ ರಿಲ್ಯಾಪ್ಸೇ, ಅಂದರೆ ಕಾಯಿಲೆ ಮರುಕಳಿಸಿದ್ದೇ ಅಂತ ತೀರ್ಮಾನವಾಯಿತು. ಮಿಥೈಲ್‌ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಬಾಟಲಿ ದಿನಕ್ಕೆ 1 ಗ್ರಾಂನಂತೆ 5 ದಿನ, ಬೆಳಿಗ್ಗೆ ಹೊತ್ತು, ನಿಧಾನವಾಗಿ. ನಾನು ಸಂಜೆ ಡ್ರಗ್ ಚಾರ್ಟ್ ನೋಡಲು ಹೋದಾಗ ಆಕೆ ಬಾಯಿ ಕಹಿ ಅಂತ ಪೆಪ್ಪರ್‌ಮಿಂಟ್ ಚೀಪುತ್ತಾ ಕೂತಿದ್ದರು. ಮೊದಲ ಬಾಟಲಿ ಇಳಿದಿತ್ತು. ಬೆರಳಿನಿಂದ ನೋಡಿದ ರಕ್ತದ ಸಕ್ಕರೆ 212.

ಆರ್ಡರ್ ತೆರೆದ ತಕ್ಷಣ ಸಾಫ್ಟ್‌ವೇರ್ ಕೆಂಪು ಡಬ್ಬಿ ತೋರಿಸಿತು: ಎರಡೂ ರೋಗನಿರೋಧಕ ಶಕ್ತಿ ಕುಗ್ಗಿಸುತ್ತವೆ, ಸೋಂಕಿನ ಅಪಾಯ, ಮೇಜರ್. ಕೆಳಗೆ ಲ್ಯಾಬ್ ರಿಪೋರ್ಟಿನಲ್ಲಿ ಲಿಂಫೋಸೈಟ್, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ, 480. ಅದನ್ನು ನೋಡಿ ನಾನು ಹೆದರಿದೆ. ಅದಕ್ಕೆ ಕಾರಣ ಇತ್ತು. ಹಿಂದಿನ ವರ್ಷ ಬೇರೊಂದು ಕಾಯಿಲೆಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿಂದ ರೋಗಿಯೊಬ್ಬರಿಗೆ ಟಿಬಿ ಎದ್ದು, ಐಸಿಯುವಿನಲ್ಲಿ ಕಳೆದುಕೊಂಡಿದ್ದೆವು. ಆ ಮುಖ ನನ್ನ ಕಣ್ಣ ಮುಂದೆ ಬಂತು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ, "ಸ್ಟೀರಾಯ್ಡ್ ಮುಗಿಯೋವರೆಗೆ ಫಿಂಗೋಲಿಮಾಡ್ ಹೋಲ್ಡ್ ಮಾಡೋಣ" ಅಂದೆ. ಅವರು ಕ್ಯಾಶುಯಲ್ಟಿಯಲ್ಲಿ ಇದ್ದರು, ಸರಿ ಅಂದರು. ಚಾರ್ಟಿನಲ್ಲಿ 'ಹೋಲ್ಡ್', ಅಂದರೆ ಸದ್ಯಕ್ಕೆ ನಿಲ್ಲಿಸಿ, ಅಂತ ಬರೆದು ಸಹಿ ಹಾಕಿದೆ. ಕನ್ಸಲ್ಟೆಂಟ್ ಸರ್ ಊರಲ್ಲಿರಲಿಲ್ಲ. ಅವರಿಗೆ ಮೆಸೇಜ್ ಹಾಕಬಹುದಿತ್ತು, ಹಾಕಲಿಲ್ಲ.

ಆ ಔಷಧಿ ತೆಗೆದುಕೊಳ್ಳುವವರಲ್ಲಿ ಲಿಂಫೋಸೈಟ್ ಎಣಿಕೆ 480ರಷ್ಟಿರುವುದು ಸಹಜವೇ. ಫಿಂಗೋಲಿಮಾಡ್ ಲಿಂಫೋಸೈಟ್‌ಗಳನ್ನು ದುಗ್ಧರಸ ಗ್ರಂಥಿಗಳಲ್ಲೇ ಕೂಡಿಹಾಕುತ್ತದೆ, ಹಾಗಾಗಿ ರಕ್ತದಲ್ಲಿ ಎಣಿಕೆ ಮೊದಲಿದ್ದುದರ ಕಾಲುಭಾಗದ ಆಸುಪಾಸಿಗೆ ಇಳಿಯುತ್ತದೆ. 200ಕ್ಕಿಂತ ಕೆಳಗೆ ಹೋಗಿ, ಮತ್ತೆ ಪರೀಕ್ಷಿಸಿದಾಗಲೂ ಹಾಗೇ ಇದ್ದರೆ ಆಗ ನಿಲ್ಲಿಸುವ ಮಾತು. ರಿಲ್ಯಾಪ್ಸಿಗೆ ಕೊಡುವ ಮೂರರಿಂದ ಐದು ದಿನದ ಸ್ಟೀರಾಯ್ಡ್‌ನಿಂದ ಒಟ್ಟಾರೆ ಸೋಂಕು ಹೆಚ್ಚಲಿಲ್ಲ ಅಂತ ಆ ಔಷಧಿಯ ಮಾಹಿತಿಪತ್ರದಲ್ಲೇ ಇದೆ. ನಾನು ಓದಿದ್ದೆ. ಓದಿದ್ದು ಆ ಸಂಜೆ ನೆನಪಿಗೆ ಬರಲಿಲ್ಲ, ಕೆಂಪು ಡಬ್ಬಿ ಕಣ್ಣಿಗೆ ಬಿತ್ತು.

ಅದಕ್ಕಿಂತ ದೊಡ್ಡ ತಪ್ಪು ಡಿಸ್ಚಾರ್ಜ್ ದಿನದ್ದು. ಶನಿವಾರ, ವಿಮೆಯವರ ಟಿಪಿಎ ಅಪ್ರೂವಲ್ ಬಂದಿದೆ, ಬೆಡ್ ಬೇಕು ಅಂತ ಅವಸರ. ನಮ್ಮ ಸಿಸ್ಟಮ್ಮಿನಲ್ಲಿ ಡಿಸ್ಚಾರ್ಜ್ ಸಮರಿಗೆ ಆಕ್ಟಿವ್ ಆರ್ಡರ್ ಮಾತ್ರ ಬರುತ್ತವೆ, ಹೋಲ್ಡ್ ಆದದ್ದು ಬರುವುದೇ ಇಲ್ಲ. ಇದನ್ನು ಸರಿಮಾಡಿ ಅಂತ ನಾವು ಎರಡು ಸಲ ಬರೆದುಕೊಟ್ಟಿದ್ದೆವು. ಸಮರಿಯಲ್ಲಿ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ಇಳಿಕೆ ಕ್ರಮದಲ್ಲಿ 18 ದಿನ, ಪ್ಯಾಂಟೊಪ್ರಜೋಲ್, ಕ್ಯಾಲ್ಸಿಯಂ. ಫಿಂಗೋಲಿಮಾಡ್ ಹೆಸರೇ ಇಲ್ಲ. 'ಸ್ಟೀರಾಯ್ಡ್ ಮುಗಿಯೋವರೆಗೆ' ಅಂತ ನಾನು ಬಾಯಲ್ಲಿ ಹೇಳಿದ್ದು ಬಾಟಲಿಯ ಸ್ಟೀರಾಯ್ಡ್. ಮನೆಯವರು ತಿಳಿದುಕೊಂಡದ್ದು ಮಾತ್ರೆಯ ಸ್ಟೀರಾಯ್ಡ್. ಅವರ ಅರ್ಥದಲ್ಲಿ ತಪ್ಪೇನೂ ಇಲ್ಲ. ಹೀಗೆ 23 ದಿನ ಕ್ಯಾಪ್ಸೂಲ್ ನಿಂತಿತ್ತು.

ಈ ಔಷಧಿ ಮೊದಲ ಸಲ ನುಂಗಿದಾಗ ಹೃದಯದ ಬಡಿತ ಇಳಿಯುತ್ತದೆ. ಒಂದು ಗಂಟೆಯೊಳಗೆ ಶುರುವಾಗಿ ನಾಲ್ಕೈದು ಗಂಟೆ ಹೊತ್ತಿಗೆ ತಳ ಮುಟ್ಟುತ್ತದೆ. ಅದಕ್ಕೇ ಮೊದಲ ಡೋಸ್ ಆಸ್ಪತ್ರೆಯಲ್ಲಿ ಕೊಟ್ಟು ಆರು ಗಂಟೆ ಕೂರಿಸಿಕೊಳ್ಳುವುದು. ದಿನಾ ತೆಗೆದುಕೊಳ್ಳುತ್ತಾ ಹೋದರೆ ಹೃದಯ ಹೊಂದಿಕೊಳ್ಳುತ್ತದೆ. ಎರಡು ವಾರಕ್ಕಿಂತ ಹೆಚ್ಚು ಬಿಟ್ಟರೆ ಆ ಹೊಂದಿಕೆ ಹೋಗುತ್ತದೆ, ಮತ್ತೆ ಮೊದಲ ಡೋಸಿನ ಲೆಕ್ಕವೇ. ಅದರ ಮೇಲೆ ಪ್ರೊಪ್ರಾನೊಲಾಲ್, ಬಡಿತ ಇಳಿಸುವುದೇ ಅದರ ಕೆಲಸ. ಸ್ಟೀರಾಯ್ಡಿಂದ ನಿದ್ದೆ ಕೆಟ್ಟು ಎದೆ ಹೊಡೆದುಕೊಂಡಿದೆ, ಅದಕ್ಕೊಬ್ಬರು ಮಾತ್ರೆ ಕೊಟ್ಟಿದ್ದಾರೆ. ಆ ಡಾಕ್ಟರಿಗೆ ಫಿಂಗೋಲಿಮಾಡ್ ವಿಷಯ ಗೊತ್ತಾಗುವುದಾದರೂ ಹೇಗೆ? ನಾವು ಕೊಟ್ಟ ಕಾಗದದಲ್ಲೇ ಇರಲಿಲ್ಲವಲ್ಲ.

ಇದೆಲ್ಲ ಫೋನ್ ಕಿವಿಯಲ್ಲಿದ್ದಾಗಲೇ ತಲೆಯಲ್ಲಿ ಓಡಿತು. ಬೆಳಿಗ್ಗೆ ಎಂಟೂವರೆಗೆ ತಗೊಂಡಿದ್ದಾರೆ, ತಗೊಂಡು ಮೂರು ಗಂಟೆ ಇಪ್ಪತ್ತು ನಿಮಿಷ ಆಗಿದೆ. ಇನ್ನೂ ಇಳಿಯುವುದು ಬಾಕಿ ಇದೆ.

"ಮಲಗಿಸಿ. ಕಾಲಡಿಗೆ ದಿಂಬು ಇಡಿ. ಅವರ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ಎರಡು ಬೆರಳಿಡಿ. ಬಡಿತ ಸಿಕ್ತಾ?"

"ಇಲ್ಲ... ಹಾಂ, ಸಿಕ್ತು."

"ಜೋರಾಗಿ ಎಣಿಸಿ. ನಾನು ಸಾಕು ಅನ್ನೋವರೆಗೆ."

ಗೋಡೆ ಗಡಿಯಾರ ನೋಡುತ್ತಾ ನಿಂತೆ. ಒಂದು, ಅಂದರು. ಎರಡು. ಮೂರು. ಪ್ರತಿ ಎರಡು ಅಂಕಿಯ ನಡುವೆ ಅಷ್ಟು ಜಾಗ ಇತ್ತು. ಆ ಕಡೆ ಕುಕ್ಕರ್ ವಿಷಲ್ ಆಯಿತು, ಯಾರೋ ಓಡಿ ಹೋಗಿ ಆರಿಸಿದ ಸದ್ದು. ಅವರು ಎಣಿಕೆ ಬಿಡಲಿಲ್ಲ. ಮೂವತ್ತು ಸೆಕೆಂಡಿಗೆ ಇಪ್ಪತ್ತೊಂದು.

ಅಂದರೆ 42.

ಇನ್ನೊಂದು ಫೋನಿನಲ್ಲಿ ಕೌಂಟರಿನ ಹುಡುಗನ ಕೈಲಿ ಎಮರ್ಜೆನ್ಸಿಗೆ ಹೇಳಿಸಿ ಆಂಬುಲೆನ್ಸ್ ಕಳಿಸಿದೆವು. ಮನೆ ಮೂರು ಕಿಲೋಮೀಟರಿನೊಳಗೆ ಇತ್ತು. ಆ ಇಪ್ಪತ್ತು ನಿಮಿಷ ಆ ಮನುಷ್ಯನನ್ನು ಫೋನ್ ಇಡಲು ಬಿಡಲಿಲ್ಲ. ಎರಡೆರಡು ನಿಮಿಷಕ್ಕೆ ಎಣಿಸಿ ಅನ್ನುತ್ತಿದ್ದೆ. ನಲವತ್ತೆರಡು, ನಲವತ್ತು, ನಲವತ್ತೆರಡು.

ಎಮರ್ಜೆನ್ಸಿಯಲ್ಲಿ ಬಿಪಿ 94/60, ಇಸಿಜಿಯಲ್ಲಿ ಬಡಿತ ನಿಧಾನ, ಪಿಆರ್, ಅಂದರೆ ಹೃದಯದ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ಸಂಕೇತ ಹೋಗುವ ಹೊತ್ತು, ಸ್ವಲ್ಪ ಉದ್ದ. ಬಡಿತ ಏರಿಸುವ ಅಟ್ರೋಪಿನ್ ಸಿರಿಂಜಿಗೆ ಎಳೆದು ಟ್ರೇಯಲ್ಲಿಟ್ಟಿದ್ದರು. ನಾನು ಕ್ರ್ಯಾಶ್ ಕಾರ್ಟಿನ ಪಕ್ಕ ನಿಂತು ಮಾನಿಟರಿನ ಹಸಿರು ಅಂಕಿ ನೋಡುತ್ತಿದ್ದೆ. ಒಂದೂಕಾಲಿಗೆ 38 ಆಯಿತು. ಡಾಕ್ಟರ್ ಸಿರಿಂಜ್ ಕೈಗೆತ್ತಿಕೊಂಡು ಆಕೆಯ ಮುಖ ನೋಡಿದರು, ಮಾತಾಡಿಸಿದರು. ಆಕೆ ಸರಿಯಾಗಿ ಉತ್ತರ ಕೊಟ್ಟರು. ಸಿರಿಂಜ್ ಕೆಳಗಿಟ್ಟರು. ಎರಡೂವರೆ ಹೊತ್ತಿಗೆ 46. ರಾತ್ರಿ ಪೂರ್ತಿ ಮಾನಿಟರಿನಲ್ಲೇ ಇಟ್ಟುಕೊಂಡರು.

ಮರುದಿನ ಕನ್ಸಲ್ಟೆಂಟ್ ಸರ್ ನನ್ನನ್ನು ಕರೆಸಿದರು. ಬೈಯುತ್ತಾರೆ ಅಂತ ಹೋದೆ. ಬೈಯಲಿಲ್ಲ. "ಮಳೆಗಾಲದಲ್ಲಿ ಮನೆಯೊಳಗೆ ನೀರು ಬಂದಿದೆ ಅಂತಿಟ್ಟುಕೋ. ಸ್ಟೀರಾಯ್ಡ್ ಅಂದ್ರೆ ಆ ನೀರು ಎತ್ತಿ ಹೊರಗೆ ಹಾಕೋದು. ಬೇಗ ಒಣಗುತ್ತೆ, ಅಷ್ಟೆ. ಕ್ಯಾಪ್ಸೂಲ್ ಅಂದ್ರೆ ಹೆಂಚು. ನೀರು ಎತ್ತುವಾಗ ಯಾರಾದ್ರೂ ಹೆಂಚು ತೆಗೆದಿಡ್ತಾರಾ?" ಅಂದರು. ಹೆಂಚು ತೆಗೆದರೆ ಏನಾಗುತ್ತದೆ ಅನ್ನುವುದನ್ನೂ ಹೇಳಿದರು. ಫಿಂಗೋಲಿಮಾಡ್ ನಿಲ್ಲಿಸಿದ ಮೇಲೆ ಕೆಲವರಲ್ಲಿ ಕಾಯಿಲೆ ಮೊದಲಿಗಿಂತ ಜೋರಾಗಿ ತಿರುಗಿ ಬೀಳುತ್ತದೆ, 2018ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿದೆ. ಅಂದರೆ ನಾನು ಆಕೆಯನ್ನು ಎರಡು ಕಡೆಯಿಂದ ಅಪಾಯಕ್ಕೆ ಒಡ್ಡಿದ್ದೆ.

ಆ ತಿಂಗಳ ವರದಿಯಲ್ಲಿ ನನ್ನ ಆ ಹೋಲ್ಡ್ 'ಒಪ್ಪಿಕೊಂಡ ಇಂಟರ್ವೆನ್ಷನ್', ಅಂದರೆ ಡಾಕ್ಟರು ಒಪ್ಪಿದ ಫಾರ್ಮಸಿಸ್ಟ್ ಸಲಹೆ, ಅಂತ ಲೆಕ್ಕಕ್ಕೆ ಸೇರಿತ್ತು. ಎಷ್ಟು ಇಂಟರ್ವೆನ್ಷನ್ ಮಾಡಿದಿರಿ ಅಂತ ಮ್ಯಾನೇಜ್‌ಮೆಂಟ್ ಕೇಳುತ್ತದೆ, ಅದರಿಂದ ರೋಗಿಗೆ ಏನಾಯಿತು ಅಂತ ಕೇಳುವುದಿಲ್ಲ. ನಾನೇ ಹೋಗಿ ಅದನ್ನು ತೆಗೆಸಿ ಇನ್ಸಿಡೆಂಟ್ ರಿಪೋರ್ಟ್ ಹಾಕಿದೆ. ಹೋಲ್ಡ್ ಆದ ಔಷಧಿ ಸಮರಿಯಲ್ಲಿ ಬರಬೇಕು ಅನ್ನುವ ನಮ್ಮ ಹಳೆಯ ಅರ್ಜಿ ಇನ್ನೂ ಐಟಿಯವರ ಹತ್ತಿರವೇ ಇದೆ. ಅಲ್ಲಿಯವರೆಗೆ ನಾವು ಮೂವರು ಫಾರ್ಮಸಿಸ್ಟ್‌ಗಳು ಹೋಲ್ಡ್ ಬರೆದರೆ ಪಕ್ಕದಲ್ಲೇ ಮತ್ತೆ ಶುರು ಮಾಡುವ ತಾರೀಖು ಬರೆಯುತ್ತೇವೆ, ತಾರೀಖು ಗೊತ್ತಿಲ್ಲದಿದ್ದರೆ ಹೋಲ್ಡ್ ಬರೆಯುವುದಿಲ್ಲ, ಕನ್ಸಲ್ಟೆಂಟಿಗೆ ಫೋನ್ ಮಾಡುತ್ತೇವೆ. ಮುಖದ ನರದ ನೋವಿಗೆ ಕಾರ್ಬಮಜೆಪಿನ್ ತಿನ್ನುವ ಎಂಎಸ್ ರೋಗಿಗಳಲ್ಲಿ ಅದು ಮಿಥೈಲ್‌ಪ್ರೆಡ್ನಿಸೊಲೋನನ್ನು ಬೇಗ ಕರಗಿಸಿಬಿಡುತ್ತದೆ. ಅಂಥದ್ದಕ್ಕೆ ನಮ್ಮ ಸಾಫ್ಟ್‌ವೇರ್ ತೋರಿಸುವುದು ಕೆಂಪಲ್ಲ, ಬರೀ ಹಳದಿ ಬಣ್ಣ. ಬಣ್ಣ ನೋಡಿ ತೀರ್ಮಾನ ಮಾಡುವುದನ್ನು ನಾನು ಬಿಟ್ಟಿದ್ದೇನೆ.

ಪ್ರೊಪ್ರಾನೊಲಾಲ್ ನಿಲ್ಲಿಸಿ ಎರಡು ದಿನ ಕಾದು, ಕಾರ್ಡಿಯಾಲಜಿಯವರು ಒಪ್ಪಿದ ಮೇಲೆ, ಮೂರನೇ ದಿನ ಮತ್ತೆ ಮೊದಲ ಡೋಸ್ ಕೊಟ್ಟರು. ಆ ಆರು ಗಂಟೆ ಸಿಸ್ಟರ್ ಜೊತೆ ನಾನೂ ಕೂತೆ. ಗಂಟೆಗೊಮ್ಮೆ ಪಲ್ಸ್, ಬಿಪಿ. 74, 66, 61, 58, 60, 64. ಮೂರನೇ ಗಂಟೆಯಲ್ಲಿ ಆಕೆಗೆ ಹೇಳಿದೆ, ಅವತ್ತು ಕ್ಯಾಪ್ಸೂಲ್ ನಿಲ್ಲಿಸಿ ಅಂದಿದ್ದು ನಾನು, ನಿಲ್ಲಿಸಬೇಕಾಗಿರಲಿಲ್ಲ, ಮತ್ತೆ ಯಾವಾಗ ಶುರು ಅಂತ ಬರೆದುಕೊಡದೇ ಹೋದದ್ದೂ ನಾನೇ ಅಂತ.

ಆಕೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಮುಂದೆ ಮತ್ತೆ ಸ್ಟೀರಾಯ್ಡ್ ಹಾಕಿದ್ರೆ?" ಅಂತ ಕೇಳಿದರು.

"ಕ್ಯಾಪ್ಸೂಲ್ ನಡೀತಾನೇ ಇರುತ್ತೆ. ನಿಮ್ಮ ನ್ಯೂರೋ ಡಾಕ್ಟ್ರು ಹೇಳದೆ ಯಾರು ಹೇಳಿದ್ರೂ ನಿಲ್ಲಿಸಬೇಡಿ. ನಾನು ಹೇಳಿದ್ರೂ ಸರಿ."

ತಲೆದಿಂಬಿನ ಕೆಳಗಿನಿಂದ ನಾಲ್ಕಾಗಿ ಮಡಚಿದ ಹಳೆಯ ಡಿಸ್ಚಾರ್ಜ್ ಸಮರಿ ತೆಗೆದರು. ಔಷಧಿ ಪಟ್ಟಿಯ ಕೆಳಗೆ ಮೂರು ಬೆರಳಿನಷ್ಟು ಖಾಲಿ ಜಾಗ ಇತ್ತು. ಅದರ ಮೇಲೆ ಬೆರಳಿಟ್ಟು, "ಇಲ್ಲಿ ಬರೀರಿ ಮೇಡಂ, ಕನ್ನಡದಲ್ಲೇ" ಅಂದರು.