ಸ್ಯಾನ್ ಫ್ರಾನ್ಸಿಸ್ಕೊ ದೂರವನ್ನು ಹಾಸನದಿಂದ ಲೆಕ್ಕ ಹಾಕಿ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಆಕಾಶದಲ್ಲಿ ಸುಮಾರು 14,000 ಕಿ.ಮೀ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದೆ ಅಂತ ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಮಗಳ ಬಾಣಂತನಕ್ಕೆ ಅಂತ ಹಾಸನದಿಂದ ಹೊರಡುವ ಅಪ್ಪ ಅಮ್ಮಂದಿರಿಗೆ ಈ ಲೆಕ್ಕ ಕಾಸಿನ ಉಪಯೋಗಕ್ಕೂ ಬರುವುದಿಲ್ಲ.

ಮೊದಲ ಗೊಂದಲ ಟಿಕೆಟ್‌ದೇ. ಮಗ ವಾಟ್ಸಾಪ್‌ನಲ್ಲಿ ಕಳಿಸಿದ್ದ ಟಿಕೆಟ್ ನೋಡಿ ನಮ್ಮ ದೊಡ್ಡಮ್ಮ, "ಮಧ್ಯಾಹ್ನ ಎರಡಕ್ಕೆ ಹೊರಟು ಅದೇ ದಿನ ಸಂಜೆ ಐದೂವರೆಗೆ ಅಮೆರಿಕಾನಾ? ಬೆಂಗಳೂರಿಗೆ ನಮ್ಮ ಕೆಂಪು ಬಸ್ಸೂ ಇಷ್ಟೇ ಹೊತ್ತು ತಗೊಳ್ಳುತ್ತಲ್ಲೋ" ಅಂದರು. ಅಲ್ಲಿನ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಬೇಸಿಗೆಯ ಹನ್ನೆರಡೂವರೆ ಕೂಡಿದರೆ ಆ ಮೂರೂವರೆ ಗಂಟೆ ಹದಿನಾರಾಗುತ್ತದೆ.

ದಾರಿಯೂ ನಾವು ಅಂದುಕೊಂಡ ಹಾಗಿಲ್ಲ. ಗ್ಲೋಬ್ ಇದ್ದರೆ ಎರಡೂ ಊರಿಗೆ ದಾರ ಬಿಗಿಯಾಗಿ ಎಳೆದು ನೋಡಿ, ಅದು ಉತ್ತರ ಧ್ರುವದ ಹತ್ತಿರ ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಧ್ರುವದ ಮೇಲಿಂದಲೇ ಬಂತು, ಪೈಲಟ್‌ಗಳೆಲ್ಲ ಹೆಂಗಸರು, 17 ಗಂಟೆ.

ಈಗ ಹಾಸನದ ಲೆಕ್ಕ. ಮಧ್ಯಾಹ್ನ ಎರಡರ ವಿಮಾನಕ್ಕೆ ಹನ್ನೊಂದಕ್ಕೆಲ್ಲ ಏರ್‌ಪೋರ್ಟ್‌ನಲ್ಲಿರಬೇಕು, ಅಂದರೆ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಚನ್ನರಾಯಪಟ್ಟಣ ದಾಟಿ ಎಲ್ಲೋ ಒಂದು ಕಡೆ ಇಡ್ಲಿ ತಿಂದು, ನೆಲಮಂಗಲದಿಂದ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿ ಸೇರಬೇಕು. ಬೆಂಗಳೂರಿನೊಳಗೆ ಹೋಗಲೇಬೇಡಿ. ಆ ಕಡೆ ಇಳಿದ ಮೇಲೆ ಇಮಿಗ್ರೇಷನ್ ಸಾಲು, ಸೂಟ್‌ಕೇಸು, ಅಳಿಯನ ಕಾರು. ಒಟ್ಟು 26 ಗಂಟೆ. (ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ 36,000 ಕಿ.ಮೀ. ಎತ್ತರದ ಉಪಗ್ರಹಕ್ಕೆ ಸಿಗ್ನಲ್ ಹೋಗಿ ಬರಲು ಕಾಲು ಸೆಕೆಂಡು ಸಾಕು. ನಮಗೆ ಮಾತ್ರ ದೇವನಹಳ್ಳಿಗೇ ನಾಲ್ಕು ಗಂಟೆ!)

ಎಲ್ಲೂ ಇಳಿಯದ ವಿಮಾನವೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಮಂಡಿ ನೋವಿದ್ದವರ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಹದಿನಾರು ಗಂಟೆ ಕೂತರೆ ಕಾಲು ಊದಿ ಚಪ್ಪಲಿಯೂ ಹಿಡಿಸುವುದಿಲ್ಲ. ಮಧ್ಯೆ ಎಲ್ಲಿ ಇಳಿಯುತ್ತೀರಿ ಅನ್ನುವುದನ್ನೂ ನೋಡಬೇಕು. ದುಬೈನಲ್ಲಿ ಇಳಿದರೆ ಮೊದಲ ತುಂಡು ಬರೀ 2,700 ಕಿ.ಮೀ., ಇನ್ನೂ ಸುಮಾರು 13,000 ಬಾಕಿ, ಅಂದರೆ ಹದಿನಾರು ಗಂಟೆ ಕೂರುವುದು ತಪ್ಪಲೇ ಇಲ್ಲ. ಫ್ರಾಂಕ್‌ಫರ್ಟ್ ಆದರೆ ಈ ಕಡೆ 7,400, ಆ ಕಡೆ 9,100ರ ಆಸುಪಾಸು. ಒಟ್ಟು ದೂರ ಜಾಸ್ತಿಯೇ, ಆದರೆ ನಡುವೆ ಎದ್ದು ಓಡಾಡಿ ಕಾಫಿ ಕುಡಿಯಬಹುದು. ವ್ಹೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡಿಸುವಾಗಲೇ ಹೇಳಿಬಿಡಿ, ನಾಚಿಕೆ ಬೇಡ.

ದುಬೈ ಮೂಲಕವೇ ಹೋಗುವುದಾದರೆ ಮಂಗಳೂರಿನಿಂದ ಹತ್ತಬಹುದಲ್ವಾ ಅಂತ ಕೇಳುವವರಿದ್ದಾರೆ. ಹತ್ತಬಹುದು. ಆದರೆ ಜುಲೈ ತಿಂಗಳಲ್ಲಿ ಶಿರಾಡಿ ಘಾಟಿ ನಂಬಿಕೊಂಡು ವಿಮಾನ ಹಿಡಿಯುವ ಧೈರ್ಯ ನನಗಂತೂ ಇಲ್ಲ, ಯಾವಾಗ ಗುಡ್ಡ ಕುಸಿದು ರಸ್ತೆ ಮುಚ್ಚುತ್ತೋ ಹೇಳೋಕಾಗಲ್ಲ. ಹಾಸನದ ಬೂವನಹಳ್ಳಿಯ ನಮ್ಮ ವಿಮಾನ ನಿಲ್ದಾಣಕ್ಕೆ 2007ರಲ್ಲೇ ಶಂಕುಸ್ಥಾಪನೆ ಆಗಿದೆ, ಅದರ ಮಾತು ಬಿಡಿ.

ವಿಮಾನ ಬೆಳಗಿನ ಜಾವದ್ದಾದರೆ ಹಿಂದಿನ ರಾತ್ರಿ ಬೇಗ ಊಟ ಮುಗಿಸಿ ಹೊರಡಿ. ಡ್ರೈವರ್ ಹಗಲು ನಿದ್ದೆ ಮಾಡಿದ್ದಾನಾ ಅಂತಲೂ ಮೊದಲೇ ಕೇಳಿಕೊಳ್ಳಿ.