ರೆಫರೆನ್ಸ್ ಪ್ಲೇನ್ ಬಾಗಿಸುವುದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಾಸನದಲ್ಲಿ ರೆವಿಟ್ (ಕಟ್ಟಡದ 3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್) ಕಲಿಯುತ್ತಿರುವ ಹುಡುಗರು ಕೇಳುತ್ತಾರೆ. ಚಿಕ್ಕಮಗಳೂರಿನ ಕಡೆ ಹೋಮ್‌ಸ್ಟೇ ಡ್ರಾಯಿಂಗ್ ಮಾಡುವ ಗೆಳೆಯರೂ ಕೇಳುತ್ತಾರೆ. "ಸರ್, ಗೋಡೆ ಬಾಗುತ್ತೆ, ರೇಲಿಂಗ್ ಬಾಗುತ್ತೆ, ರೆಫರೆನ್ಸ್ ಪ್ಲೇನ್ ಮಾತ್ರ ಯಾಕೆ ಬಾಗಲ್ಲ? ಆ ಆಪ್ಷನ್ ಎಲ್ಲಿದೆ?"

ರೆಫರೆನ್ಸ್ ಪ್ಲೇನ್ ಅಂದರೆ ಮಾಡೆಲ್‌ನಲ್ಲಿ ಅಳತೆಗೆ ಆಧಾರವಾಗಿ ಹಾಕಿಕೊಳ್ಳುವ ಚಪ್ಪಟೆ ತಳ. ಅದನ್ನು ಬಾಗಿಸುವ ಆಪ್ಷನ್ ಇಲ್ಲ. ಇರಬೇಕಾಗಿಯೂ ಇಲ್ಲ. ಬಾಗಿದ ವಸ್ತುವನ್ನು ಅದರ ಸೆಂಟರ್‌ನಲ್ಲಿ ಹಿಡಿಯಬೇಕು. ಸೆಂಟರ್ ಹಿಡಿಯಲು ನೆಟ್ಟಗಿನ ಎರಡು ಪ್ಲೇನ್ ಸಾಕು.

ಪ್ಲೇನ್ ಚಪ್ಪಟೆಯಾಗಿದ್ದರೇನೇ ಅದರಿಂದ ಉಪಯೋಗ. ಅದರ ಮೇಲೆ ಸ್ಕೆಚ್ ಮಾಡುತ್ತೇವೆ, ಅದರಿಂದ ಅಳತೆ ಹಿಡಿಯುತ್ತೇವೆ. ಅದಕ್ಕೆ ಒಂದೇ ದಿಕ್ಕು ಇರಬೇಕು. ಬಾಗುವುದು ರೆಫರೆನ್ಸ್ ಲೈನ್. ಇದು ಫ್ಯಾಮಿಲಿ ಎಡಿಟರ್‌ನಲ್ಲಿ (ಬಾಗಿಲು, ಕಟ್ಟೆಯಂಥ ಒಂದೊಂದು ವಸ್ತುವನ್ನು, ಅಂದರೆ ಫ್ಯಾಮಿಲಿಯನ್ನು, ಮಾಡುವ ಜಾಗ) ಸಿಗುತ್ತದೆ, ಪ್ರಾಜೆಕ್ಟ್‌ನಲ್ಲಿ (ಇಡೀ ಕಟ್ಟಡದ ಫೈಲ್) ಸಿಗುವುದಿಲ್ಲ. ನೆಟ್ಟಗಿನ ರೆಫರೆನ್ಸ್ ಲೈನ್ ಎಳೆದರೆ ಅದರ ಜೊತೆ ನಾಲ್ಕು ವರ್ಕ್ ಪ್ಲೇನ್ (ಸ್ಕೆಚ್ ಮಾಡುವ ತಳ) ಬರುತ್ತವೆ. ಉದ್ದಕ್ಕೂ ಎರಡು, ತುದಿಗೆ ಒಂದೊಂದು. ಆರ್ಕ್ (ವೃತ್ತದ ತುಂಡು) ಎಳೆದರೆ ತುದಿಯ ಎರಡು ಮಾತ್ರ.

ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ. ಮೂಡಿಗೆರೆ ಕಡೆಯ ಹಳೇ ತೋಟದ ಮನೆ ಅಂದುಕೊಳ್ಳಿ. ಮುಂದೆ ಬಾಗಿದ ಜಗಲಿ, ಜಗಲಿಯ ಅಂಚಿಗೆ ಕೂರುವ ಕಟ್ಟೆ. ಆ ಕಟ್ಟೆಯ ಫ್ಯಾಮಿಲಿ ಮಾಡಬೇಕು. ಹೊಸದಾಗಿ ಕಟ್ಟುವಾಗ ಮೇಸ್ತ್ರಿ ಗೂಟ ಹೊಡೆದು, ದಾರ ಕಟ್ಟಿ, ಸುತ್ತು ಎಳೆದು ಗುರುತು ಮಾಡುತ್ತಾರೆ. ದಾರದ ಉದ್ದವೇ ರೇಡಿಯಸ್. ಹಳೇ ಮನೆಯಲ್ಲಿ ಆ ಗೂಟದ ಜಾಗ ಗೋಡೆಯಾಚೆ, ನಡುಮನೆಯೊಳಗೆ ಎಲ್ಲೋ ಇರುತ್ತದೆ. ಅಲ್ಲಿಂದ ಟೇಪ್ ಹಿಡಿಯಲು ಆಗುವುದಿಲ್ಲ.

ಆಗ ಎರಡೇ ಅಳತೆ ತೆಗೆದುಕೊಳ್ಳಿ. ಕಟ್ಟೆಯ ಒಳಮೈಯಲ್ಲಿ ಈ ತುದಿಯಿಂದ ಆ ತುದಿಗೆ ದಾರ ಬಿಗಿಯಿರಿ. ಮೊದಲನೆಯದು ದಾರದ ಉದ್ದ. ಎರಡನೆಯದು ದಾರದ ಸರಿಮಧ್ಯದಿಂದ ಕಟ್ಟೆಯವರೆಗಿನ ಉಬ್ಬು. ಉದ್ದ 20 ಅಡಿ, ಉಬ್ಬು 2.5 ಅಡಿ ಬಂತು ಅಂತಿಟ್ಟುಕೊಳ್ಳಿ. ಉದ್ದದ ವರ್ಗ 400. ಅದನ್ನು ಉಬ್ಬಿನ ಎಂಟರಷ್ಟರಿಂದ, ಅಂದರೆ 20ರಿಂದ ಭಾಗಿಸಿದರೆ 20. ಅದಕ್ಕೆ ಉಬ್ಬಿನ ಅರ್ಧ ಸೇರಿಸಿ. ರೇಡಿಯಸ್ 21.25 ಅಡಿ, ಅಂದರೆ 21 ಅಡಿ 3 ಇಂಚು. ಸೆಂಟರ್ ಕಣ್ಣಿಗೆ ಕಾಣದಿದ್ದರೂ ಎಲ್ಲಿದೆ ಎಂದು ಗೊತ್ತಾಯಿತು.

ಈಗ ರೆವಿಟ್‌ಗೆ ಬನ್ನಿ. ಫ್ಯಾಮಿಲಿ ಟೆಂಪ್ಲೇಟ್‌ನಲ್ಲಿ ಅಡ್ಡ ಒಂದು, ಉದ್ದ ಒಂದು ಪ್ಲೇನ್ ಮೊದಲೇ ಇರುತ್ತವೆ. ಅವು ಸೇರುವ ಜಾಗವೇ ನಿಮ್ಮ ಗೂಟ. ರೆಫರೆನ್ಸ್ ಲೈನ್ ತೆಗೆದುಕೊಂಡು ಸೆಂಟರ್-ಎಂಡ್ಸ್ ಆರ್ಕ್ ಎಳೆಯಿರಿ. ಪ್ರಾಪರ್ಟೀಸ್‌ನಲ್ಲಿ ಸೆಂಟರ್ ಮಾರ್ಕ್ ವಿಸಿಬಲ್ ಎಂಬುದಕ್ಕೆ ಟಿಕ್ ಹಾಕಿ. ಬಹಳ ಜನ ಈ ಟಿಕ್ ಹಾಕುವುದೇ ಇಲ್ಲ. ಸೆಂಟರ್ ಕಾಣದಿದ್ದರೆ ಅದನ್ನು ಕಟ್ಟಿಹಾಕುವುದು ಹೇಗೆ, ಅಲ್ವಾ? ಕಾಣಿಸಿದ ಮೇಲೆ ಅಲೈನ್ (ಒಂದನ್ನು ಇನ್ನೊಂದರ ನೇರಕ್ಕೆ ತರುವ ಕಮಾಂಡ್) ಕೊಟ್ಟು ಎರಡೂ ಪ್ಲೇನ್‌ಗಳಿಗೆ ಲಾಕ್ ಮಾಡಿ. ಆಮೇಲೆ ರೇಡಿಯಸ್ ಡೈಮೆನ್ಷನ್ ಹಾಕಿ, ಅದಕ್ಕೆ ಪ್ಯಾರಾಮೀಟರ್ (ಆಮೇಲೆ ಬದಲಾಯಿಸಬಹುದಾದ ಅಳತೆ) ಲೇಬಲ್ ಕೊಡಿ.

ತುದಿಗಳನ್ನೂ ಹಿಡಿಯಬೇಕು. ಸೆಂಟರ್‌ನಿಂದ ಎರಡು ನೆಟ್ಟಗಿನ ರೆಫರೆನ್ಸ್ ಲೈನ್ ಎಳೆದು, ನಡುವಿನ ಪ್ಲೇನ್‌ನಿಂದ ಅವಕ್ಕೆ ಕೋನದ ಪ್ಯಾರಾಮೀಟರ್ ಕೊಡಿ. ಆರ್ಕ್‌ನ ತುದಿಗಳನ್ನು ಅವಕ್ಕೆ ಲಾಕ್ ಮಾಡಿ. ಇಲ್ಲಿ ಪ್ಲೇನ್ ಬಳಸಬೇಡಿ. ರೆಫರೆನ್ಸ್ ಲೈನ್‌ಗೆ ಖಚಿತವಾದ ತುದಿ ಇರುತ್ತದೆ, ಆ ತುದಿಯನ್ನು ಸೆಂಟರ್‌ಗೆ ಕಟ್ಟಿದರೆ ಅದು ಅಲ್ಲೇ ನಿಂತು ತಿರುಗುತ್ತದೆ. ಪ್ಲೇನ್‌ಗೆ ಅಂಥ ತುದಿ ಇಲ್ಲ, ಕೋನ ಬದಲಾಯಿಸಿದಾಗ ಅದನ್ನು ನಂಬುವಂತಿಲ್ಲ. ನಮ್ಮ ಕಟ್ಟೆಗೆ ಒಟ್ಟು ಕೋನ ಸುಮಾರು 56 ಡಿಗ್ರಿ, ಆಚೆ ಈಚೆ 28.

ಕೊನೆಗೆ ಸ್ವೀಪ್, ಅಂದರೆ ಒಂದು ಆಕಾರವನ್ನು ಗೆರೆಯ ಉದ್ದಕ್ಕೂ ಎಳೆದು ವಸ್ತು ಮಾಡುವುದು. ಪಿಕ್ ಪಾತ್ ಕೊಟ್ಟು ಆರ್ಕ್ ಆರಿಸಿ, ಕಟ್ಟೆಯ ಪ್ರೊಫೈಲ್ (ಅಡ್ಡ ಕೊಯ್ದಾಗ ಕಾಣುವ ಆಕಾರ) ಬರೆಯಿರಿ. ಮುಗಿಯಿತು ಎಂದು ಎದ್ದುಹೋಗಬೇಡಿ. ರೇಡಿಯಸ್ 15 ಮಾಡಿ ನೋಡಿ, 30 ಮಾಡಿ ನೋಡಿ. ಸೆಂಟರ್ ಅಲ್ಲಾಡದೆ ಕಟ್ಟೆ ಮಾತ್ರ ಹಿಂದೆ ಮುಂದೆ ಸರಿದರೆ ಕೆಲಸ ಸರಿಯಾಗಿದೆ.

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಕಂಬಗಳ ಮುಂದೆ ನಿಂತಾಗಲೆಲ್ಲ ನನಗೆ ಇದೇ ಕಾಣುತ್ತದೆ. 1117ರ ದೇವಸ್ಥಾನ ಅದು. ಬಳಪದ ಕಲ್ಲನ್ನು ತಿರುಗಿಸುತ್ತಾ ಕಡೆದ ಕಂಬಗಳಲ್ಲಿ ಬಳೆಯಂಥ ಏಣುಗಳು ಎಷ್ಟು ತೆಳ್ಳಗೆ, ಎಷ್ಟು ಸಮವಾಗಿ ಬಂದಿವೆ! ಪ್ರತಿ ಏಣಿನ ರೇಡಿಯಸ್ ಬೇರೆ, ಎಲ್ಲಕ್ಕೂ ನಡುವಿನ ಅಚ್ಚು ಒಂದೇ. ಮಾಡೆಲ್ ಮಾಡುವಾಗಲೂ ಒಂದು ನೆಟ್ಟಗಿನ ಗೆರೆ, ಪಕ್ಕದಲ್ಲಿ ಅರ್ಧ ಪ್ರೊಫೈಲ್, ಆ ಗೆರೆಯ ಸುತ್ತ ತಿರುಗಿಸುವ ರಿವಾಲ್ವ್. ಬಾಗಿದ ರೆಫರೆನ್ಸ್ ಒಂದೂ ಬೇಕಾಗುವುದಿಲ್ಲ.

ಪ್ರಾಜೆಕ್ಟ್‌ನಲ್ಲಿ ಏನು ಮಾಡುವುದು? ಗ್ರಿಡ್ (ಕಂಬ, ಗೋಡೆಗಳ ಜಾಗ ಗುರುತಿಸುವ ಗೆರೆ) ಬಳಸಿ. ಗ್ರಿಡ್ ಅನ್ನು ಆರ್ಕ್ ಆಗಿಯೂ ಎಳೆಯಬಹುದು. ಒಂದನ್ನು ಎಳೆದು, ಪಿಕ್ ಲೈನ್ಸ್‌ನಲ್ಲಿ ಆಫ್‌ಸೆಟ್ ಕೊಟ್ಟರೆ ಅದೇ ಸೆಂಟರ್‌ನ ಇನ್ನೊಂದು ಸಿಗುತ್ತದೆ. ಗೋಡೆಯನ್ನೂ ಪಿಕ್ ಲೈನ್ಸ್‌ನಿಂದ ಅದರ ಮೇಲೇ ಕೂರಿಸಬಹುದು.

ಸೆಂಟರ್ ಒಂದೇ ಇಲ್ಲದ ಬಾಗೂ ಇರುತ್ತದೆ. ಹೊಳೆ ಹರಿದ ಹಾಗೆ ಓಡುವ ಸ್ಪ್ಲೈನ್. ಅದಕ್ಕೆ ಕಾನ್ಸೆಪ್ಚುವಲ್ ಮಾಸ್ (ಮುಕ್ತ ಆಕಾರ ಮಾಡುವ ಬೇರೆ ಬಗೆಯ ಫ್ಯಾಮಿಲಿ) ಒಳ್ಳೆಯದು. ಗೆರೆಯ ಮೇಲೆ ಪಾಯಿಂಟ್ ಕೂರಿಸಿದರೆ, ಅಲ್ಲಿ ಗೆರೆಗೆ ಅಡ್ಡಲಾಗಿ ಒಂದು ವರ್ಕ್ ಪ್ಲೇನ್ ತಾನಾಗಿ ಬರುತ್ತದೆ. ಪಾಯಿಂಟ್ ಎಲ್ಲಿ ಕೂರಬೇಕು ಎಂಬುದನ್ನು 0ಯಿಂದ 1ರ ನಡುವಿನ ಸಂಖ್ಯೆಯಲ್ಲಿ ಹೇಳಬಹುದು. ಆದರೆ ಸುಮ್ನೆ ಚೆಂದ ಅಂತ ಸ್ಪ್ಲೈನ್ ಎಳೆಯಬೇಡಿ. ಸೈಟ್‌ನಲ್ಲಿ ಮೇಸ್ತ್ರಿ ಅದಕ್ಕೆ ಗೂಟ ಎಲ್ಲಿ ಹೊಡೆಯಬೇಕು? ಎರಡು ಮೂರು ಆರ್ಕ್ ಜೋಡಿಸಿ ಅದೇ ಆಕಾರ ತರುವುದು ಜಾಸ್ತಿ ಒಳ್ಳೆಯದು.

ಇನ್ನೊಂದು ಮಾತು, ಫಾರ್ಮುಲಾ ಹಾಕುವವರಿಗೆ. ಉದ್ದ ಮತ್ತು ಉಬ್ಬನ್ನು ಪ್ಯಾರಾಮೀಟರ್ ಮಾಡಿದರೆ ರೇಡಿಯಸ್ ತಾನೇ ಲೆಕ್ಕವಾಗುತ್ತದೆ. ಉದ್ದದ ಅರ್ಧವನ್ನು ರೇಡಿಯಸ್‌ನಿಂದ ಭಾಗಿಸಿ ಸೈನ್ ಇನ್ವರ್ಸ್ ತೆಗೆದರೆ ಒಂದು ಬದಿಯ ಕೋನ ಬರುತ್ತದೆ. ಬಾಗು ಅರ್ಧ ವೃತ್ತ ದಾಟಿದರೆ ಕೋನದ ಈ ಲೆಕ್ಕ ನಡೆಯುವುದಿಲ್ಲ. ಉಬ್ಬು 0 ಕೊಟ್ಟರೆ ಸೊನ್ನೆಯಿಂದ ಭಾಗಿಸಿದಂತಾಗಿ ಫ್ಯಾಮಿಲಿ ಎರರ್ ತೋರಿಸುತ್ತದೆ. ನೆಟ್ಟಗಿನ ಕಟ್ಟೆ ಬೇಕಾದರೆ ಬೇರೆ ಫ್ಯಾಮಿಲಿಯನ್ನೇ ಮಾಡಿ.