ಕಕ್ಕಡ ಹದಿನೆಂಟು, ಸಫರ್ ತಿಂಗಳು

ಆಗಸ್ಟ್ 3, 2025, ಭಾನುವಾರ

ಇವತ್ತು ಕೊಡಗಿನ ಕಕ್ಕಡ ಮಾಸದ ಹದಿನೆಂಟನೇ ದಿನ. ಮದ್ದುಸೊಪ್ಪು ಕುದಿಸಿ ಪಾಯಸ ಮಾಡುವ ದಿನ. ನೆರೆಮನೆಯಿಂದ ಬಂದ ಮದ್ದುಪಾಯಸ ಉಣ್ಣಲು ಮುಸ್ಲಿಮರಿಗೂ ಏನೂ ಅಡ್ಡಿಯಿಲ್ಲ. ಕಕ್ಕಡ ಸೂರ್ಯನ ಲೆಕ್ಕದ್ದು, ಪ್ರತಿವರ್ಷ ನಾಟಿಯ ಮಳೆಯಲ್ಲೇ ಬರುತ್ತದೆ. ನಡೆಯುತ್ತಿರುವ ಸಫರ್ ತಿಂಗಳಿಗೆ ಅಂಥ ನಂಟಿಲ್ಲ; ಅದು ಚಂದ್ರನ ಲೆಕ್ಕದ ಇಸ್ಲಾಮಿಕ್ ಪಂಚಾಂಗವಾದ ಹಿಜರಿಯ ತಿಂಗಳು. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ಅದರ ತಿಂಗಳುಗಳು ವರ್ಷವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತವೆ. 33 ಹಿಜರಿ ವರ್ಷ ಕಳೆಯುವಾಗ ಸೂರ್ಯನ ಲೆಕ್ಕದಲ್ಲಿ 32 ವರ್ಷ. 2012 ಮತ್ತು 2013ರಲ್ಲಿ ರಂಜಾನ್ ಕಕ್ಕಡದ ಮಳೆಗೆ ಸಿಕ್ಕಿತ್ತು. ಈ ವರ್ಷ ಮಾರ್ಚ್‌ನಲ್ಲಿ, ಕಾಫಿ ಹೂಮಳೆಯ ಕಾಲಕ್ಕೆ ಬಂತು. ಮತ್ತೆ ಕಕ್ಕಡಕ್ಕೆ ಬರುವುದು 2044–45ರ ಹೊತ್ತಿಗೆ.

ಅಂದರೆ ಇಸ್ಲಾಮಿನಲ್ಲಿ ಯಾವ ಋತುವೂ ತನ್ನಷ್ಟಕ್ಕೆ ಪವಿತ್ರವಲ್ಲ. ಉಪವಾಸ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಆದರೆ ಋತು ಬದಲಾದಾಗ ನೀರಿನ ವಿಧಿ, ನೆರಳಿನ ಅಳತೆ, ನಮಾಜಿನ ರಿಯಾಯಿತಿ, ಬೆಳೆಯ ಝಕಾತ್ (ಕಡ್ಡಾಯ ದಾನ) ಎಲ್ಲವೂ ಅದರ ಜೊತೆ ಬದಲಾಗುತ್ತವೆ. ಋತುವಿನಲ್ಲಿ ಅಧ್ಯಾತ್ಮ ಹುಡುಕುವವರು ಮಂಜು ಮುಸುಕಿದ ಬೆಟ್ಟದ ಫೋಟೋ ಬದಿಗಿಟ್ಟು ಇವನ್ನು ನೋಡುವುದು ಒಳ್ಳೆಯದು.

ಮಳೆ ಸುರಿಯುವಾಗ ಹೇಳುವ ದುಆ, ಅಂದರೆ ಪ್ರಾರ್ಥನೆ, ಚಿಕ್ಕದು: "ಅಲ್ಲಾಹುಮ್ಮ ಸಯ್ಯಿಬನ್ ನಾಫಿಅನ್". ಉಪಕಾರಕ್ಕೆ ಬರುವ ಮಳೆಯಾಗಲಿ ಎಂಬ ಬೇಡಿಕೆ. ಮಳೆ ಬಂದಾಗ ಪ್ರವಾದಿಯವರು ಬಟ್ಟೆ ಸರಿಸಿ ಮೈಗೆ ಹನಿ ಸೋಕಿಸಿಕೊಂಡರೆಂದೂ, ಇದು ಈಗಷ್ಟೇ ತನ್ನ ಒಡೆಯನ ಬಳಿಯಿಂದ ಬಂದದ್ದು ಎಂದರೆಂದೂ ಅವರ ಸಂಗಾತಿ ಅನಸ್ ಅವರ ವರದಿಯಿದೆ. ಮಕ್ಕಾ ಬಳಿಯ ಹುದೈಬಿಯಾದಲ್ಲಿ ರಾತ್ರಿ ಮಳೆ ಬಿದ್ದ ಮರುದಿನ ಸುಬಹ್ (ಬೆಳಗಿನ) ನಮಾಜಿನ ನಂತರ ಪ್ರವಾದಿಯವರು ಕೊಟ್ಟ ಎಚ್ಚರಿಕೆಯೂ ಇದೆ: ಇಂಥ ನಕ್ಷತ್ರದಿಂದ ಮಳೆ ಬಂತು ಎನ್ನಬೇಡಿ, ಅಲ್ಲಾಹನ ಔದಾರ್ಯದಿಂದ ಬಂತು ಎನ್ನಿ. ಪುಷ್ಯ, ಆಶ್ಲೇಷ ಎಂದು ಮಳೆಗೆ ನಕ್ಷತ್ರದ ಹೆಸರಿಡುವ ನಮ್ಮ ನಾಡಿಗೆ ಇದು ನೇರ ತಾಗುವ ಮಾತು. ಕಾಲ ಗುರುತಿಸಲು ಆ ಹೆಸರು ಬಳಸಿದರೆ ತಪ್ಪಿಲ್ಲ. ನಕ್ಷತ್ರವೇ ಮಳೆ ಕೊಟ್ಟಿತೆಂದು ನಂಬುವುದು ತಪ್ಪು.

ಮಳೆ ಅತಿಯಾದಾಗಿನ ದುಆ ಬೇರೆ. ಒಂದು ಜುಮಾದ (ಶುಕ್ರವಾರದ) ದಿನ ಮಳೆ ಬೇಡಲು ಹೇಳಿದ್ದ ಜನ ಮುಂದಿನ ಜುಮಾಕ್ಕೆ ನಿಲ್ಲಿಸಲು ಹೇಳಿ ಎಂದು ಬಂದರು. ಆಗ ಪ್ರವಾದಿಯವರು ಬೇಡಿದ್ದು ಹೀಗೆ: ನಮ್ಮ ಸುತ್ತಮುತ್ತ ಸುರಿಯಲಿ, ನಮ್ಮ ಮೇಲೆ ಬೇಡ; ದಿಣ್ಣೆಗಳ ಮೇಲೆ, ಗುಡ್ಡಗಳ ಮೇಲೆ, ಕಣಿವೆಗಳ ತಳದಲ್ಲಿ, ಮರಗಿಡ ಬೆಳೆಯುವಲ್ಲಿ ಸುರಿಯಲಿ. ಬಯಲಿನವರಿಗೆ ಇದು ಸರಾಗ. ಕೊಡಗಿನವರ ಮನೆಗಳಿರುವುದೇ ದಿಣ್ಣೆಯ ಮೇಲೆ, ಕಣಿವೆಯ ತಳದಲ್ಲಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿ ಬಂದವು. ಆದರೂ ದುಆ ನಮಗೆ ಹೊಂದುತ್ತದೆ ಅನ್ನಿಸುತ್ತದೆ, ಏಕೆಂದರೆ ಅದು ಮಳೆ ನಿಲ್ಲಲಿ ಎನ್ನುವುದಿಲ್ಲ, ನೀರನ್ನು ತಾಳಿಕೊಳ್ಳುವ ನೆಲಕ್ಕೆ ಹೋಗಲಿ ಎನ್ನುತ್ತದೆ. ಇಳಿಜಾರನ್ನು ಅಡ್ಡಡ್ಡ ಕಡಿದು ಸಮತಟ್ಟು ಮಾಡಿ, ತೋಡಿನ ದಾರಿ ಮುಚ್ಚಿ, ಆಮೇಲೆ ಈ ದುಆ ಹೇಳುವುದು ಎಷ್ಟು ಸರಿ?

ಇನ್ನು ನೀರು. ಮಳೆನೀರು ಶುದ್ಧ, ಶುದ್ಧಗೊಳಿಸುವಂಥದ್ದೂ ಹೌದು. ಮಣ್ಣಿನಿಂದ, ಪಾಚಿಯಿಂದ, ತಾನಾಗಿ ಬಿದ್ದ ಎಲೆಯಿಂದ ಬಣ್ಣ ತಿರುಗಿದರೂ ವುಝೂ (ನಮಾಜಿಗೆ ಮುನ್ನ ಮುಖ, ಕೈಕಾಲು ತೊಳೆಯುವುದು) ಸಿಂಧು. ತೊಂದರೆ ಬರುವುದು ಪ್ರಮಾಣದಲ್ಲಿ. ಶಾಫಿ ಮದ್ಹಬ್‌ನಲ್ಲಿ (ಶಾಫಿ, ಹನಫಿ ಇವು ಇಸ್ಲಾಮಿನ ಕಾನೂನು ಪಂಥಗಳು) ಎರಡು ಕುಲ್ಲತ್‌ಗಿಂತ ಕಡಿಮೆ ನೀರಿಗೆ ನಜಸ್ (ಧರ್ಮದ ಲೆಕ್ಕದಲ್ಲಿ ಹೊಲಸು) ಸೋಕಿದರೆ ಬಣ್ಣ, ರುಚಿ, ವಾಸನೆ ಬದಲಾಗದಿದ್ದರೂ ಅದು ಕೆಡುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಮೂರರಲ್ಲಿ ಒಂದು ಬದಲಾದರೆ ಮಾತ್ರ. ಎರಡು ಕುಲ್ಲತ್ ಎಂದರೆ ಲೀಟರಿನಲ್ಲಿ 190ರಿಂದ 216ರವರೆಗೆ ಬೇರೆಬೇರೆ ಲೆಕ್ಕಗಳಿವೆ. ಸೂರಿನ ನೀರು ಹಿಡಿಯಲು ಇಡುವ 200 ಲೀಟರಿನ ಡ್ರಮ್ಮು ಸರಿಯಾಗಿ ಈ ಅಂಚಿನಲ್ಲೇ ನಿಲ್ಲುತ್ತದೆ. ತಗಡಿನ ಮೇಲೆ ಹಕ್ಕಿ ಹಿಕ್ಕೆ ಇದ್ದೇ ಇರುತ್ತದೆ. ಮೊದಲ ಹದಿನೈದು ನಿಮಿಷದ ನೀರನ್ನು ಹೊರಗೆ ಬಿಡಬೇಕು, 300 ಲೀಟರಿಗೆ ಮೇಲ್ಪಟ್ಟ ತೊಟ್ಟಿ ಇಟ್ಟರೆ ಚಿಂತೆ ತಪ್ಪುತ್ತದೆ. ಬಕೆಟ್ಟಿನಿಂದ ವುಝೂ ಮಾಡುವವರು ಮುಖ ತೊಳೆದ ಮೇಲೆ ಕೈ ಅದ್ದುವಾಗ ನೀರು ಮೊಗೆಯುತ್ತಿದ್ದೇನೆ ಎಂಬ ನಿಯ್ಯತ್ (ಮನಸ್ಸಿನ ಸಂಕಲ್ಪ) ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಉಳಿದ ನೀರು ಬಳಸಿದ ನೀರಿನ ಲೆಕ್ಕಕ್ಕೆ ಹೋಗುತ್ತದೆ.

ಜಿಗಣೆಯ ಪ್ರಶ್ನೆ ಪ್ರತಿ ಮಳೆಗಾಲಕ್ಕೂ ಏಳುತ್ತದೆ. ಕಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಡುವುದರಿಂದ ಕಿತ್ತ ಮೇಲೂ ಒಸರುತ್ತಲೇ ಇರುತ್ತದೆ. ಶಾಫಿಗಳಿಗೆ ಇದರಿಂದ ವುಝೂ ಮುರಿಯುವುದಿಲ್ಲ. ಹನಫಿಗಳಿಗೆ ರಕ್ತ ಹರಿದರೆ ಮುರಿಯುತ್ತದೆ. ಬಟ್ಟೆಗೆ ತಾಗಿದ ತುಸು ರಕ್ತಕ್ಕೆ ವಿನಾಯಿತಿ ಇದೆ. ಆದರೆ ಹೊಟ್ಟೆ ತುಂಬಿದ ಜಿಗಣೆಯನ್ನು ಬಟ್ಟೆಯ ಮೇಲೇ ಹಿಸುಕಬೇಡಿ, ಉಪ್ಪೋ ಸುಣ್ಣವೋ ತಾಗಿಸಿ ಉದುರಿಸಿ.

ತೋಟದಲ್ಲಿ ಗಂಬೂಟು ಹಾಕಿದವರು ಪ್ರತಿ ವುಝೂಗೂ ಕಾಲು ತೆಗೆದು ತೊಳೆಯಬೇಕೆಂದಿಲ್ಲ. ಪೂರ್ತಿ ವುಝೂ ಮಾಡಿ ಹಾಕಿಕೊಂಡಿದ್ದರೆ ಮೇಲಿಂದ ಒದ್ದೆ ಕೈ ಸವರಿದರೆ ಸಾಕು. ಊರಲ್ಲಿರುವವರಿಗೆ 24 ಗಂಟೆ, ಪ್ರಯಾಣಿಕರಿಗೆ 72 ಗಂಟೆ. ಎಣಿಕೆ ಶುರುವಾಗುವುದು ಹಾಕಿದ ಮೇಲೆ ಮೊದಲ ಸಲ ವುಝೂ ಮುರಿದಾಗ. ಹಿಮ್ಮಡಿಗಂಟಿನ ಕೆಳಗೆ ಹರಿದಿದ್ದರೆ ಈ ರಿಯಾಯಿತಿ ಇಲ್ಲ. ಕೊಟ್ಟಿಗೆಗೆ ಹಾಕಿಕೊಂಡು ಹೋದ ಜೋಡಿಯೂ ಆಗದು, ಶಾಫಿ ಪ್ರಕಾರ ಸಗಣಿ ನಜಸ್.

ಜೋರು ಮಳೆಯಲ್ಲಿ ಬಾಂಗಿನ ಜೊತೆ "ನಿಮ್ಮ ಮನೆಗಳಲ್ಲೇ ನಮಾಜ್ ಮಾಡಿ" ಎಂದು ಕೂಗಿಸಿದ್ದಕ್ಕೆ ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸ್ ಅವರ ಮಾದರಿಯಿದೆ. ಮಸೀದಿಗೆ ಬಂದವರು ಮಗ್ರಿಬ್ (ಮುಸ್ಸಂಜೆಯ ನಮಾಜ್) ಜೊತೆಗೇ ಇಶಾ (ರಾತ್ರಿಯ ನಮಾಜ್) ಮುಗಿಸಲೂಬಹುದು. ಶರತ್ತುಗಳಿವೆ: ಜಮಾಅತ್ (ಸಾಮೂಹಿಕ ನಮಾಜ್) ಆಗಿರಬೇಕು, ಮನೆ ದೂರವಿರಬೇಕು, ಬಟ್ಟೆ ನೆನೆಯುವಷ್ಟು ಮಳೆ ಇರಬೇಕು. ಮೊದಲ ನಮಾಜಿನೊಳಗೇ ಜೋಡಿಸುವ ನಿಯ್ಯತ್ ಬೇಕು, ಎರಡರ ನಡುವೆ ಬಿಡುವು ಕೊಡಬಾರದು. ಎರಡೂ ನಮಾಜಿನ ಆರಂಭದಲ್ಲಿ, ಮೊದಲನೆಯದನ್ನು ಮುಗಿಸುವ ಸಲಾಮಿನ ಹೊತ್ತಿನಲ್ಲಿ ಮಳೆ ಸುರಿಯುತ್ತಿರಲೇಬೇಕು. ಸಲಾಮಿಗೆ ಸರಿಯಾಗಿ ಹೊಳವಾದರೆ ಇಶಾವನ್ನು ಅದರ ಸಮಯಕ್ಕೇ ಮಾಡಬೇಕು. ಮನೆಯಲ್ಲಿ ಒಬ್ಬರೇ ಜೋಡಿಸುವಂತಿಲ್ಲ, ಹನಫಿಗಳಿಗಂತೂ ಈ ದಾರಿಯೇ ಇಲ್ಲ.

ಬಿಸಿಲು ಬಂದರೆ ನೆರಳು ನೋಡಬಹುದು. ಕೊಡಗಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 19ರ ಆಸುಪಾಸು ಸೂರ್ಯ ನೆತ್ತಿಗೆ ಬರುತ್ತಾನೆ. ಆಗ ನಡುಹಗಲು ನೆಟ್ಟ ಕೋಲಿಗೆ ನೆರಳಿಲ್ಲ; ಒಂದು ಮೀಟರ್ ಕೋಲಿನ ನೆರಳು ಒಂದು ಮೀಟರ್ ದಾಟಿದಾಗ ಶಾಫಿಗಳಿಗೆ ಅಸರ್ (ಇಳಿಹೊತ್ತಿನ ನಮಾಜಿನ ಸಮಯ). ಡಿಸೆಂಬರ್ ಕೊನೆಗೆ ನಡುಹಗಲಿನ ನೆರಳೇ 72 ಸೆಂಟಿಮೀಟರ್ ಇರುತ್ತದೆ, ಅದನ್ನೂ ಸೇರಿಸಿ 172 ದಾಟಬೇಕು. ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಕಾಬಾದ ದಿಕ್ಕು, ಪಡುವಣಕ್ಕೆ ನೇರವಲ್ಲ, ಸುಮಾರು 20 ಡಿಗ್ರಿ ಉತ್ತರಕ್ಕೆ. ಮೇ 27–28ರಂದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2.48ಕ್ಕೆ ಸೂರ್ಯ ಕಾಬಾದ ನೆತ್ತಿಯ ಮೇಲಿರುತ್ತಾನೆ. ಆಗ ನೆರಳಿನ ತುದಿಯಿಂದ ಕೋಲಿನ ಬುಡಕ್ಕೆ ಎಳೆದ ಗೆರೆಯೇ ಕಿಬ್ಲಾ. ಜುಲೈ 15–16ರ 2.57ಕ್ಕೂ ಹಾಗೇ, ಆದರೆ ಆ ಹೊತ್ತಿಗೆ ಕೊಡಗಿನಲ್ಲಿ ಬಿಸಿಲು ಕಾಣುವುದು ಅಪರೂಪ.

ಈಗ ನಾಟಿಯಾಗುತ್ತಿರುವ ಗದ್ದೆಯ ಝಕಾತ್‌ಗೆ ಒಂದು ವರ್ಷ ತುಂಬುವುದನ್ನು ಕಾಯಬೇಕಿಲ್ಲ. ಕೊಯ್ಲಿನ ದಿನವೇ ಅದರ ಹಕ್ಕು ಕೊಡಿ ಎಂದು ಕುರ್‌ಆನ್ ಹೇಳುತ್ತದೆ. ಶಾಫಿಗಳಲ್ಲಿ ಇದು ಭತ್ತದಂಥ ಕೂಡಿಡುವ ಮುಖ್ಯ ಆಹಾರಕ್ಕೆ ಮಾತ್ರ. ಕಾಫಿ, ಕರಿಮೆಣಸಿಗೆ ಬೆಳೆಯ ಝಕಾತ್ ಇಲ್ಲ, ಮಾರಿದ ಹಣ ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಪ್ರಮಾಣ) ಮುಟ್ಟಿ ಒಂದು ಹಿಜರಿ ವರ್ಷ ಕೈಯಲ್ಲಿ ಉಳಿದರೆ ಎರಡೂವರೆ ಶೇಕಡಾ. ಹನಫಿಗಳಲ್ಲಿ ಕಾಫಿಯೂ ಮೆಣಸೂ ಬೆಳೆಯ ಲೆಕ್ಕಕ್ಕೆ ಬರುತ್ತವೆ. ಹೊಟ್ಟು ಬಿಡಿಸಿದ ಅಕ್ಕಿಗೆ ನಿಸಾಬ್ ಐದು ವಸ್ಕ್ (ಹಳೆಯ ಅರಬ್ ಅಳತೆ), ಹೊಟ್ಟಿರುವ ಭತ್ತಕ್ಕೆ ಹತ್ತು. ಮಳೆಯಲ್ಲೋ ತಾನಾಗಿ ಹರಿಯುವ ತೋಡಿನ ನೀರಲ್ಲೋ ಬೆಳೆದರೆ ಹತ್ತರಲ್ಲಿ ಒಂದು, ಪಂಪು ಹಾಕಿ ಎತ್ತಿದ ನೀರಾದರೆ ಇಪ್ಪತ್ತರಲ್ಲಿ ಒಂದು, ಅರ್ಧಕ್ಕರ್ಧ ಆದರೆ ಏಳೂವರೆ ಶೇಕಡಾ. ಕೊಯ್ಲು, ಒಕ್ಕಣೆಯ ಕೂಲಿ ಕಳೆದು ಉಳಿದದ್ದಕ್ಕೆ ಲೆಕ್ಕ ಹಾಕುವವರಿದ್ದಾರೆ. ಶಾಫಿ ಮದ್ಹಬ್‌ನಲ್ಲಿ ಆ ಖರ್ಚು ಬೆಳೆದವರದ್ದು, ಕಣಕ್ಕೆ ಬಂದ ಪೂರ್ತಿ ರಾಶಿಯ ಮೇಲೆ ಕೊಡಬೇಕು.